ಒಪ್ಪಿಸುವ ಮುನ್ನ

ಪಾಠದ ಕೋಣೆಯಲ್ಲಿ ಕಲಿಯಲಾಗದ ಎಷ್ಟೋ ಗುಣಗಳನ್ನು ಮಗು ಆಟದ ಬಯಲಿನಲ್ಲಿ ಕಲಿಯುತ್ತದೆ. ಸೋತಾಗ ಕುಗ್ಗದಿರುವುದು, ಗೆದ್ದಾಗ ಬೀಗದಿರುವುದು, ತನ್ನ ಕೈಗೆ ಬಂದ ಚೆಂಡನ್ನು ತನಗಿಂತ ಅನುಕೂಲವಾದ ಸ್ಥಳದಲ್ಲಿರುವ ಗೆಳೆಯನಿಗೆ ದಾಟಿಸುವುದು, ತೀರ್ಪುಗಾರನ ಸೀಟಿಗೆ ತಲೆಬಾಗುವುದು ಇವೆಲ್ಲ ಪುಸ್ತಕದಿಂದ ಬರುವ ವಿದ್ಯೆಗಳಲ್ಲ. ಆಟವು ಮಗುವಿಗೆ ಹಿರಿಯರು ದಯೆಯಿಂದ ಕೊಡುವ ಬಿಡುವೆಂದು ಬಹುಕಾಲ ಭಾವಿಸಲಾಗಿತ್ತು. ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿ, ಭಾರತವು 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಅದನ್ನು ಹಕ್ಕೆಂದೇ ಸಾರಿತು. ಅದರ 31ನೆಯ ವಿಧಿಯು ಆಟವಾಡುವ ಹಕ್ಕನ್ನು ಹೇಳಿದರೆ, 19ನೆಯ ವಿಧಿಯು ಮಗುವನ್ನು ನೋಡಿಕೊಳ್ಳುವ ಯಾರಿಂದಲೂ ಅದಕ್ಕೆ ಹಿಂಸೆಯಾಗದಂತೆ ಕಾಪಾಡುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸುತ್ತದೆ. ಈ ಎರಡು ವಿಧಿಗಳನ್ನು ಒಟ್ಟಾಗಿ ಓದಬೇಕು. ರಕ್ಷಣೆಯಿಲ್ಲದ ಕಡೆ ಆಟದ ಹಕ್ಕು ಬರಿಯ ಮಾತಾಗಿ ಉಳಿಯುತ್ತದೆ.

ನಮ್ಮ ಹಾಸನದ ಸೀಮೆಯನ್ನೇ ನೋಡಿ. ವಾರ್ಷಿಕ ಪರೀಕ್ಷೆಗಳು ಮುಗಿದೊಡನೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂಥ ಊರುಗಳಲ್ಲಿ ಬೇಸಿಗೆ ಶಿಬಿರಗಳ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ಕರಾಟೆ, ಸ್ಕೇಟಿಂಗ್, ಕ್ರಿಕೆಟ್, ಯೋಗ, ನೃತ್ಯ, ಚಿತ್ರಕಲೆ ಹೀಗೆ ಒಂದೊಂದಕ್ಕೂ ಒಬ್ಬೊಬ್ಬ ತರಬೇತುದಾರ. ಮಳೆಗಾಲ ಬಂದಿತೆಂದರೆ ಶಾಲೆಗಳ ಕ್ರೀಡಾಕೂಟಗಳು ಹೋಬಳಿ ಮಟ್ಟದಿಂದ ಆರಂಭವಾಗಿ ತಾಲ್ಲೂಕು, ಜಿಲ್ಲೆ, ವಿಭಾಗಗಳವರೆಗೆ ಬೆಳೆಯುತ್ತವೆ. ಕಬಡ್ಡಿಗೋ ಖೋಖೋಗೋ ಆಯ್ಕೆಯಾದ ಹಳ್ಳಿಯ ಮಗು ಬೆಳಗಿನ ಜಾವ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುತ್ತದೆ. ಕೆಲವೊಮ್ಮೆ ಅಪರಿಚಿತ ಊರಿನಲ್ಲಿ ರಾತ್ರಿ ತಂಗುತ್ತದೆ. ಆ ಹೊತ್ತಿನಲ್ಲೆಲ್ಲ ಅದಕ್ಕೆ ತಾಯಿಯೂ ತಂದೆಯೂ ಜೊತೆಯಲ್ಲಿರುವ ತರಬೇತುದಾರನೇ.

ಹಾಗೆ ಜೊತೆಯಲ್ಲಿ ಹೋಗುವವರಲ್ಲಿ ಹೆಚ್ಚಿನವರು ಸಜ್ಜನರು. ತಮ್ಮ ಕೈಯಿಂದ ಹಣ ಹಾಕಿ ಮಕ್ಕಳಿಗೆ ಊಟ ಕೊಡಿಸಿದ ದೈಹಿಕ ಶಿಕ್ಷಕರು, ರಜೆಯ ದಿನವೂ ಬಯಲಿಗೆ ಬಂದು ಗೆರೆ ಎಳೆದು ಆಡಿಸಿದವರು ನಮ್ಮ ಊರೂರುಗಳಲ್ಲಿದ್ದಾರೆ. ಆ ಉಪಕಾರವನ್ನು ಮರೆತು ಮಾತನಾಡುವುದು ಕೃತಘ್ನತೆಯಾದೀತು. ಆದರೆ ಒಬ್ಬ ವ್ಯಕ್ತಿ ಸಜ್ಜನನೆಂಬುದನ್ನು ನಾವು ಯಾವ ಆಧಾರದಿಂದ ತಿಳಿಯುತ್ತೇವೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತನನ್ನು ಗಮನಿಸಿ. ಅವನು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸನ್ನು ಪರೀಕ್ಷಿಸುತ್ತಾನೆ, ಯಾವ ಊರಿನದು, ಯಾರ ಕೊಟ್ಟಿಗೆಯದು, ಏಕೆ ಮಾರುತ್ತಿದ್ದೀರಿ ಎಂದು ಕೇಳುತ್ತಾನೆ. ಮಾರುವವನು ಇದರಿಂದ ಅವಮಾನವಾಯಿತೆಂದು ಮುನಿಯುವುದಿಲ್ಲ. ಇದೇ ರೈತ ತನ್ನ ಮಗಳನ್ನು ಪಟ್ಟಣದ ಶಿಬಿರವೊಂದಕ್ಕೆ ಸೇರಿಸಲು ಬಂದಾಗ ಕೇಳುವುದು ಎರಡೇ ಮಾತು: ಶುಲ್ಕ ಎಷ್ಟು, ಬಿಡುವುದು ಎಷ್ಟು ಗಂಟೆಗೆ? ಕಲಿಸುವವನು ಯಾರು, ಹಿಂದೆ ಎಲ್ಲಿದ್ದ, ಅಲ್ಲಿಂದ ಏಕೆ ಬಂದ ಎಂದು ಕೇಳುವ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲ. ಕೇಳಿದರೆ ಎಲ್ಲಿ ಅಗೌರವವಾಗುವುದೋ ಎಂಬ ಸಂಕೋಚ ನಮ್ಮ ನಾಲಗೆಯನ್ನು ಕಟ್ಟಿಹಾಕುತ್ತದೆ.

ಈ ಸಂಕೋಚಕ್ಕೆ ಮಕ್ಕಳು ತೆರುವ ಬೆಲೆ ದೊಡ್ಡದು. ಭಾರತ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ 2007ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. ಅವರಲ್ಲಿ ಶೇಕಡ 53ಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳಕ್ಕೆ ಒಳಗಾದುದಾಗಿ ಹೇಳಿದರು. ಹಾಗೆ ಹೇಳಿದವರಲ್ಲಿ ಗಂಡುಮಕ್ಕಳ ಸಂಖ್ಯೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಇತ್ತು. ಇದು ಹೆಣ್ಣುಮಕ್ಕಳಿಗೆ ಮಾತ್ರ ಬರುವ ಕಷ್ಟವೆಂಬ ನಂಬಿಕೆಯನ್ನು ಆ ಅಧ್ಯಯನ ಸುಳ್ಳುಮಾಡಿತು. ಪೊಲೀಸರಲ್ಲಿ ದಾಖಲಾಗುವ ಪ್ರಕರಣಗಳು ಇನ್ನೊಂದು ಸಂಗತಿಯನ್ನು ತಿಳಿಸುತ್ತವೆ. ನೂರರಲ್ಲಿ ತೊಂಬತ್ತಕ್ಕೂ ಮಿಕ್ಕ ಪ್ರಕರಣಗಳಲ್ಲಿ ಆರೋಪಿಯು ಮಗುವಿಗೆ ಮೊದಲೇ ಪರಿಚಯವಿದ್ದವನು. ಕತ್ತಲೆಯಲ್ಲಿ ಬರುವ ಅಪರಿಚಿತನಿಗೆ ನಾವು ಅಂಜುತ್ತೇವೆ. ಕೇಡು ಮಾಡುವವನಾದರೋ ಹೆಚ್ಚಾಗಿ ಮಗುವಿನ ಹೆಸರು ಹಿಡಿದು ಕರೆಯಬಲ್ಲವನು.

ಆಟದ ಬಯಲಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಅಲ್ಲಿ ಕೈ ಹಿಡಿದು, ಮೈ ಮುಟ್ಟಿ, ನಿಲುವನ್ನು ತಿದ್ದಿ ಕಲಿಸಬೇಕಾಗುತ್ತದೆ. ಉಡುಪು ಬದಲಿಸುವ ಕೋಣೆಗಳಿರುತ್ತವೆ, ದೂರದ ಪ್ರಯಾಣಗಳಿರುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ತಂಡಕ್ಕೆ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬ ಅಧಿಕಾರ ಒಬ್ಬನ ಕೈಯಲ್ಲಿರುತ್ತದೆ. ಬಡವರ ಮನೆಯ ಮಗುವಿಗೆ ತಂಡದಲ್ಲಿ ದೊರೆಯುವ ಒಂದು ಸ್ಥಾನವೇ ಕ್ರೀಡಾ ವಸತಿ ನಿಲಯಕ್ಕೆ, ಮುಂದೆ ಉದ್ಯೋಗಕ್ಕೆ ದಾರಿಯಾಗಬಹುದು. ಆ ದಾರಿ ಮುಚ್ಚೀತೆಂಬ ಭಯದಿಂದ ಮಗು ಎಷ್ಟನ್ನೋ ನುಂಗಿಕೊಳ್ಳುತ್ತದೆ.

ಇದು ಊಹೆಯ ಮಾತಲ್ಲ. ಹರಿಯಾಣದ ಪಂಚಕುಲದಲ್ಲಿ 1990ರ ಆಗಸ್ಟ್ ತಿಂಗಳಲ್ಲಿ 14 ವರ್ಷದ ಟೆನಿಸ್ ಆಟಗಾರ್ತಿಯೊಬ್ಬಳ ಮೇಲೆ ರಾಜ್ಯದ ಟೆನಿಸ್ ಸಂಘದ ಅಧ್ಯಕ್ಷನೇ ಅತಿಕ್ರಮ ನಡೆಸಿದನು. ಅವನು ಹಿರಿಯ ಪೊಲೀಸ್ ಅಧಿಕಾರಿಯೂ ಆಗಿದ್ದನು. ಬಾಲಕಿಯ ಮನೆಯವರು ದೂರು ಕೊಟ್ಟರು. ಆದರೆ ಶಾಲೆಯಿಂದ ಹೊರಗೆ ಹೋಗಬೇಕಾದವಳು ಆ ಬಾಲಕಿ. ದೂರು ಕೊಟ್ಟ ಮೂರು ವರ್ಷಗಳಲ್ಲಿ, 1993ರ ಡಿಸೆಂಬರಿನಲ್ಲಿ, ಅವಳ ಬಾಳು ಮುಗಿಯಿತು. ಆರೋಪಿಯಾದರೋ ಆ ರಾಜ್ಯದ ಪೊಲೀಸ್ ಮಹಾನಿರ್ದೇಶಕನ ಪದವಿಗೇರಿದನು. ಗೆಳತಿಯೊಬ್ಬಳು ಕಣ್ಣಾರೆ ಕಂಡುದನ್ನು ಕೊನೆಯವರೆಗೂ ನುಡಿದುದರಿಂದ 2009ರಲ್ಲಿ, ಅಂದರೆ 19 ವರ್ಷಗಳ ಬಳಿಕ, ನ್ಯಾಯಾಲಯವು ಅವನನ್ನು ಅಪರಾಧಿಯೆಂದು ತೀರ್ಮಾನಿಸಿತು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ತೀರ್ಮಾನವನ್ನು ಎತ್ತಿಹಿಡಿಯಿತು.

ಅಂದು ನಮ್ಮ ದೇಶದಲ್ಲಿ ಇಂಥ ಅಪರಾಧಗಳ ವಿಷಯದಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕವಾದ ಕಾನೂನು ಇರಲಿಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಅಧಿನಿಯಮವು 2012ರಲ್ಲಿ ರಚಿತವಾಗಿ, ಅದೇ ವರ್ಷ ಮಕ್ಕಳ ದಿನಾಚರಣೆಯಾದ ನವೆಂಬರ್ 14ರಂದು ಜಾರಿಗೆ ಬಂದಿತು. ಪೋಕ್ಸೋ ಎಂದು ಜನರ ಬಾಯಲ್ಲಿ ಬಳಕೆಯಾಗಿರುವುದು ಇದೇ. ಹದಿನೆಂಟು ತುಂಬದ ಗಂಡು ಹೆಣ್ಣೆಲ್ಲರಿಗೂ ಇದರ ರಕ್ಷಣೆಯುಂಟು. ನಂಬಿಕೆಯ ಸ್ಥಾನದಲ್ಲಿರುವವನು ತಪ್ಪು ಮಾಡಿದರೆ ಅವನಿಗೆ ಹೆಚ್ಚಿನ ಶಿಕ್ಷೆಯನ್ನು ಇದು ವಿಧಿಸುತ್ತದೆ. ಇದರ ಅಡಿಯಲ್ಲಿ 2020ರಲ್ಲಿ ಹೊರಬಂದ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದಿಟ್ಟವು. ಮಕ್ಕಳೊಡನೆ ನಿತ್ಯ ಸಂಪರ್ಕಕ್ಕೆ ಬರುವ ಯಾವುದೇ ಸಂಸ್ಥೆಯು ತನ್ನ ಪ್ರತಿಯೊಬ್ಬ ನೌಕರನ ಬಗ್ಗೆ ಪೊಲೀಸ್ ಪರಿಶೀಲನೆಯನ್ನೂ ಪೂರ್ವಾಪರ ವಿಚಾರಣೆಯನ್ನೂ ಕಾಲಕಾಲಕ್ಕೆ ನಡೆಸಬೇಕೆಂದು ಅವು ವಿಧಿಸಿವೆ. ನೌಕರನು ಕಾಯಮ್ಮಾಗಿರಲಿ, ಗುತ್ತಿಗೆಯವನಾಗಿರಲಿ, ಪಾಠ ಹೇಳುವವನಾಗಿರಲಿ, ಬಾಗಿಲು ಕಾಯುವವನಾಗಿರಲಿ, ಈ ಕಟ್ಟಳೆಗೆ ಒಳಪಟ್ಟವನೇ. ಅಂಥ ಸಂಸ್ಥೆಗಳ ಪಟ್ಟಿಯಲ್ಲಿ ಶಾಲೆ, ಶಿಶುವಿಹಾರಗಳ ಜೊತೆಗೆ ಕ್ರೀಡಾ ಅಕಾಡೆಮಿಗಳನ್ನೂ ಹೆಸರಿಸಲಾಗಿದೆ. 2025ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತದ ಅಧಿನಿಯಮವು ಸುರಕ್ಷಿತ ಕ್ರೀಡಾ ನೀತಿಯ ಮಾತನ್ನಾಡಿದೆ.

ಪೂರ್ವಾಪರ ವಿಚಾರಣೆಯೆಂದರೆ ದೊಡ್ಡ ರಹಸ್ಯವೇನೂ ಅಲ್ಲ. ಮನುಷ್ಯನ ಹೆಸರು ವಿಳಾಸಗಳು ನಿಜವೇ, ಅವನು ತೋರಿಸುವ ತರಬೇತಿಯ ಪ್ರಮಾಣಪತ್ರ ನಿಜವಾದುದೇ, ಹಿಂದೆ ಕೆಲಸ ಮಾಡಿದ ಕಡೆಯವರು ಅವನ ಬಗ್ಗೆ ಏನು ಹೇಳುತ್ತಾರೆ, ಪೊಲೀಸರ ದಾಖಲೆಯಲ್ಲಿ ಮಕ್ಕಳಿಗೆ ಸಂಬಂಧಿಸಿದ ಅಪರಾಧವೇನಾದರೂ ಇದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಪಡೆಯುವುದೇ ಅದು. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಕೋಶವನ್ನು 2018ರಲ್ಲಿ ತೆರೆಯಲಾಗಿದೆ. ಆದರೆ ಅದನ್ನು ನೋಡುವ ಅಧಿಕಾರವಿರುವುದು ಪೊಲೀಸ್ ಮೊದಲಾದ ತನಿಖಾ ಸಂಸ್ಥೆಗಳಿಗೆ ಮಾತ್ರ. ಆದುದರಿಂದ ಶಿಬಿರ ನಡೆಸುವವರು ಪೊಲೀಸರ ಮೂಲಕವೇ ಪರಿಶೀಲನೆ ಮಾಡಿಸಬೇಕು.

ಹೀಗೆ ಕಟ್ಟಳೆ ಇರುವಾಗ ಚಿಂತೆಯೇಕೆ ಎಂದು ಕೇಳಬಹುದು. ಕಟ್ಟಳೆಯ ಕಣ್ಣಿಗೆ ದೊಡ್ಡ ಶಾಲೆಗಳು ಬೀಳುತ್ತವೆ. ಬಾಡಿಗೆಯ ಮಹಡಿಯೊಂದರಲ್ಲಿ ಸಂಜೆ ಎರಡು ಗಂಟೆ ನಡೆಯುವ ಕರಾಟೆ ತರಗತಿಯಾಗಲಿ, ಕಲ್ಯಾಣ ಮಂಟಪದಲ್ಲಿ ಇಪ್ಪತ್ತು ದಿನ ನಡೆದು ಮುಗಿಯುವ ಬೇಸಿಗೆ ಶಿಬಿರವಾಗಲಿ ಅಷ್ಟು ಸುಲಭವಾಗಿ ಬೀಳುವುದಿಲ್ಲ. ಅವುಗಳಿಗೆ ನಾಮಫಲಕವಿರುತ್ತದೆ, ಹಾಜರಿ ಪುಸ್ತಕವಿರುವುದಿಲ್ಲ. ಸಂಬಳವಿಲ್ಲದೆ ಸಹಾಯಕ್ಕೆ ಬರುವ ಹಿರಿಯ ಆಟಗಾರನನ್ನು ನೌಕರನೆಂದು ಎಣಿಸುವವರೂ ಇಲ್ಲ. ಮಕ್ಕಳು ಹೆಚ್ಚು ಸಲಿಗೆಯಿಂದಿರುವುದು ಇಂಥ ಚಿಕ್ಕ ಜಾಗಗಳಲ್ಲಿಯೇ ಎಂಬುದನ್ನು ನೆನೆದರೆ, ಚಿಂತೆ ಏಕೆಂಬುದು ತಿಳಿಯುತ್ತದೆ.

ಇದಕ್ಕೆ ನಮ್ಮ ಕಡೆಯವರು ಹೇಳುವ ಮೊದಲನೆಯ ಆಕ್ಷೇಪಣೆ, ‘ನಮ್ಮದು ಚಿಕ್ಕ ಊರು, ಎಲ್ಲರೂ ಎಲ್ಲರನ್ನೂ ಬಲ್ಲರು’ ಎಂಬುದು. ಒಂದು ಕಾಲಕ್ಕೆ ಇದು ನಿಜವಾಗಿತ್ತು. ಗರಡಿಮನೆಯ ಉಸ್ತಾದನ ತಾತನನ್ನೂ ಊರು ಬಲ್ಲುದಾಗಿತ್ತು. ಇಂದು ಕಲಿಸುವವನು ಬೇರೆ ಊರಿನಿಂದ ಬರುತ್ತಾನೆ, ಒಂದೆರಡು ವರ್ಷವಿದ್ದು ಹೋಗುತ್ತಾನೆ. ಅರಕಲಗೂಡಿನಲ್ಲಿ ಒಬ್ಬ ತರಬೇತುದಾರನ ಮೇಲೆ ದೂರು ಬಂದಿತೆಂದು ಭಾವಿಸಿ. ಊರಿನ ಮಾನ ಹೋದೀತು, ಮಗುವಿನ ಹೆಸರು ಕೆಟ್ಟೀತು ಎಂದು ಹಿರಿಯರು ಸೇರಿ ಅವನನ್ನು ಸದ್ದಿಲ್ಲದೆ ಬಿಡಿಸಿ ಕಳುಹಿಸಿದರೆ, ಅವನು ಹೊಳೆನರಸೀಪುರದ ಹಾದಿಯಾಗಿ ಅದೇ ದಿನ ಚನ್ನರಾಯಪಟ್ಟಣವನ್ನು ಸೇರಬಲ್ಲನು. ಅಲ್ಲಿ ಅವನು ಹೊಸಬ. ಅವನ ಕಥೆ ಅವನೊಡನೆ ಬಸ್ಸು ಹತ್ತುವುದಿಲ್ಲ. ಒಂದು ಊರು ತನ್ನ ಮಾನವನ್ನು ಉಳಿಸಿಕೊಂಡು ಇನ್ನೊಂದು ಊರಿನ ಮಕ್ಕಳನ್ನು ಅಪಾಯಕ್ಕೆ ಒಡ್ಡಿದಂತಾಯಿತು.

ಇಂಗ್ಲೆಂಡಿನಲ್ಲಿ ಇದಕ್ಕೆ ಹೋಲುವ ಘಟನೆ ನಡೆದುಹೋಗಿದೆ. 2002ರಲ್ಲಿ ಸೋಹಮ್ ಎಂಬ ಚಿಕ್ಕ ಪಟ್ಟಣದಲ್ಲಿ ಹತ್ತು ವರ್ಷದ ಇಬ್ಬರು ಬಾಲಕಿಯರನ್ನು ಕೊಂದವನು ಅಲ್ಲಿನ ಪ್ರೌಢಶಾಲೆಯೊಂದರ ಕಟ್ಟಡ ನೋಡಿಕೊಳ್ಳುತ್ತಿದ್ದ ನೌಕರ. ಅವನು ಮೊದಲು ವಾಸವಾಗಿದ್ದ ಬೇರೊಂದು ಪ್ರಾಂತದ ಪೊಲೀಸರಿಗೆ ಅವನ ಮೇಲೆ ಹಲವು ದೂರುಗಳು ಬಂದಿದ್ದವು. ಆ ಮಾಹಿತಿ ಸರಿಯಾಗಿ ಉಳಿಯಲಿಲ್ಲ. ಅವನಿಗೆ ಕೆಲಸ ಕೊಟ್ಟವರಿಗೆ ತಲುಪಲಿಲ್ಲ. 2004ರಲ್ಲಿ ವಿಚಾರಣಾ ಆಯೋಗವು ಈ ಲೋಪಗಳನ್ನು ಎತ್ತಿ ತೋರಿಸಿತು. ಆ ದೇಶದಲ್ಲಿ ಮಕ್ಕಳೊಡನೆ ಕೆಲಸ ಮಾಡುವವರ ಪರಿಶೀಲನೆ ಆ ಬಳಿಕ ಬಿಗಿಯಾಯಿತು. ಎರಡು ಜೀವಗಳು ಹೋದ ಮೇಲೆ ಅವರು ಕಲಿತ ಪಾಠವನ್ನು ನಾವು ಹಾನಿಯಿಲ್ಲದೆಯೇ ಕಲಿಯಬಹುದು.

ಎರಡನೆಯ ಆಕ್ಷೇಪಣೆ ಮರ್ಯಾದೆಗೆ ಸಂಬಂಧಿಸಿದ್ದು. ‘ಉಪಕಾರ ಮಾಡಲು ಬಂದವರನ್ನು ಕಳ್ಳರಂತೆ ಕಾಣುವುದೇ?’ ಎಂದು ಕೇಳುವವರುಂಟು. ಪಾಸ್‌ಪೋರ್ಟ್ ಬೇಕೆಂದವನ ಮನೆಗೆ ಪೊಲೀಸರು ಬಂದು ವಿಚಾರಿಸುತ್ತಾರೆ. ಸರ್ಕಾರಿ ನೌಕರಿಗೆ ಸೇರುವವನ ನಡತೆಯನ್ನು ವಿಚಾರಿಸುತ್ತಾರೆ. ನಲವತ್ತು ಜನರನ್ನು ಹಾಸನಕ್ಕೆ ಕರೆದೊಯ್ಯುವ ಬಸ್ಸಿನ ಚಾಲಕನಿಗೆ ಪರವಾನಗಿ ಬೇಕು. ಇವರಾರೂ ತಮ್ಮನ್ನು ಅವಮಾನಿಸಿದರೆಂದು ಭಾವಿಸುವುದಿಲ್ಲ. ಏಕೆಂದರೆ ನಿಯಮ ಎಲ್ಲರಿಗೂ ಒಂದೇ. ಒಬ್ಬನನ್ನು ಮಾತ್ರ ಆರಿಸಿ ವಿಚಾರಿಸಿದರೆ ಅದು ಸಂಶಯ. ಅಧ್ಯಕ್ಷರಿಂದ ಹಿಡಿದು ನೀರು ಕೊಡುವವನವರೆಗೆ ಎಲ್ಲರನ್ನೂ ವಿಚಾರಿಸಿದರೆ ಅದು ಪದ್ಧತಿ. ಪದ್ಧತಿಯಲ್ಲಿ ಸಜ್ಜನರಿಗೆ ನಷ್ಟವಿಲ್ಲ, ಲಾಭವೇ ಇದೆ. ಒಬ್ಬನ ದುಷ್ಕೃತ್ಯದಿಂದ ತರಬೇತುದಾರರೆಲ್ಲರ ಮೇಲೆ ಬೀಳುವ ಕರಿನೆರಳಿನಿಂದ ಅದು ಅವರನ್ನು ಕಾಪಾಡುತ್ತದೆ.

ಮೂರನೆಯ ಆಕ್ಷೇಪಣೆಯಲ್ಲಿ ಹೆಚ್ಚು ತಿರುಳಿದೆ. ಪೊಲೀಸರ ಕಾಗದವು ಸಿಕ್ಕಿಬಿದ್ದವನನ್ನು ಮಾತ್ರ ತೋರಿಸುತ್ತದೆ. ಸಿಕ್ಕಿಬೀಳದವನ ಕಾಗದ ಬೆಳ್ಳಗೆಯೇ ಇರುತ್ತದೆ. ಪಂಚಕುಲದ ಆ ಅಧಿಕಾರಿಯನ್ನು 1990ರಲ್ಲಿ ಪರಿಶೀಲಿಸಿದ್ದರೆ ಏನು ದೊರೆಯುತ್ತಿತ್ತು? ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನೊಬ್ಬನಿಗೆ 2018ರಲ್ಲಿ ಶಿಕ್ಷೆಯಾದಾಗ ನೂರೈವತ್ತಕ್ಕೂ ಹೆಚ್ಚು ಮಂದಿ ನ್ಯಾಯಾಲಯದಲ್ಲಿ ತಮ್ಮ ನೋವನ್ನು ಹೇಳಿಕೊಂಡರು. 1997ರಷ್ಟು ಹಿಂದೆಯೇ ಒಬ್ಬ ಬಾಲಕಿ ಅವನ ನಡತೆಯನ್ನು ಹಿರಿಯರಿಗೆ ತಿಳಿಸಿದ್ದಳು. ಅವಳ ಮಾತನ್ನು ಯಾರೂ ನಂಬಲಿಲ್ಲ. ಅಷ್ಟು ವರ್ಷಗಳ ಕಾಲ ಅವನ ದಾಖಲೆ ಶುಭ್ರವಾಗಿಯೇ ಉಳಿಯಿತು.

ಈ ಆಕ್ಷೇಪಣೆಯನ್ನು ಒಪ್ಪಲೇಬೇಕು. ಆದರೆ ಅದರಿಂದ ಪರಿಶೀಲನೆ ಬೇಡವೆಂದು ಹೇಳಲಾಗದು. ಪರಿಶೀಲನೆಯೊಂದೇ ಸಾಲದೆಂದು ಹೇಳಬೇಕಾಗುತ್ತದೆ. ಗದ್ದೆಗೆ ಬೇಲಿ ಹಾಕಿದ ರೈತ ಕಾವಲನ್ನು ಬಿಡುವುದಿಲ್ಲ. ಕಾಗದದ ಜೊತೆಗೆ ಕೆಲವು ಸರಳವಾದ ನಡವಳಿಕೆಗಳು ಬೇಕು. ಮಗುವೊಂದರೊಡನೆ ಹಿರಿಯನೊಬ್ಬನೇ ಮುಚ್ಚಿದ ಕೋಣೆಯಲ್ಲಿ ಇರಕೂಡದು. ಪ್ರಯಾಣಕ್ಕೆ ಇಬ್ಬರು ಹಿರಿಯರಾದರೂ ಜೊತೆಗಿರಬೇಕು. ಹೆಣ್ಣುಮಕ್ಕಳ ತಂಡದೊಡನೆ ಶಿಕ್ಷಕಿಯೊಬ್ಬರು ಇರಲೇಬೇಕು. ಯಾವ ಹೊತ್ತಿನಲ್ಲಿ ಬಂದರೂ ತಂದೆತಾಯಿಗಳಿಗೆ ತರಬೇತಿಯನ್ನು ನೋಡಲು ಅವಕಾಶವಿರಬೇಕು. ತಂಡದ ಆಯ್ಕೆ ಒಬ್ಬನ ಇಚ್ಛೆಗೆ ಬಿಡದೆ ಮೂವರ ತೀರ್ಮಾನವಾಗಬೇಕು. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಿಲ್ಲ.

ಇನ್ನೊಂದು ಮುಖ್ಯವಾದ ಮಾತುಂಟು. ಮಗುವಿಗೆ ತೊಂದರೆಯಾಗಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಅಧಿನಿಯಮ ಹೇಳುತ್ತದೆ. ತಿಳಿಸದಿರುವುದೇ ಒಂದು ಅಪರಾಧ. ಸಾಮಾನ್ಯರಿಗೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಸದ್ಭಾವದಿಂದ ತಿಳಿಸಿದವನ ಮೇಲಾದರೋ ಯಾವ ಮೊಕದ್ದಮೆಯನ್ನೂ ಹೂಡುವಂತಿಲ್ಲ. ಮಹಾರಾಷ್ಟ್ರದ ವಸತಿ ನಿಲಯವೊಂದರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ, ತಿಳಿದೂ ಸುಮ್ಮನಿರುವುದು ಗಂಭೀರ ಅಪರಾಧವೆಂದು ಹೇಳಿತು. ಊರ ಮಾನದ ಹೆಸರಿನಲ್ಲಿ ‘ಸದ್ದಿಲ್ಲದೆ ಕಳುಹಿಸುವ’ ಹಿರಿಯರು ಇದನ್ನು ನೆನಪಿಡಬೇಕು.

ಪರಿಶೀಲನೆಗೂ ಒಂದು ಮಿತಿಯಿರಬೇಕೆಂಬುದನ್ನು ಮರೆಯಬಾರದು. ಖಾಸಗಿತನವು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಒಬ್ಬನ ಸಾಲ, ಜಾತಿ, ಮನೆಯ ಜಗಳ ಇವೆಲ್ಲ ಶಿಬಿರದವರು ಕೆದಕಬೇಕಾದ ವಿಷಯಗಳಲ್ಲ. ಎಂದೋ ಗದ್ದೆಯ ಬದುವಿನ ವ್ಯಾಜ್ಯದಲ್ಲಿ ಠಾಣೆ ಮೆಟ್ಟಿಲು ಹತ್ತಿದವನನ್ನು ಮಕ್ಕಳಿಂದ ದೂರವಿಡುವುದು ಅನ್ಯಾಯ. ಬರಿಯ ಗಾಳಿಮಾತಿನಿಂದ ಒಬ್ಬನ ಜೀವನೋಪಾಯವನ್ನು ಕಸಿದುಕೊಳ್ಳುವುದೂ ಅನ್ಯಾಯವೇ. ಕೇಳಬೇಕಾದುದು ಮಕ್ಕಳ ಸುರಕ್ಷತೆಗೆ ಸಂಬಂಧಿಸಿದ್ದನ್ನು ಮಾತ್ರ. ತಿಳಿದುದನ್ನು ತಿಳಿಯಬೇಕಾದವರಲ್ಲಿ ಮಾತ್ರ ಇರಿಸಿಕೊಳ್ಳಬೇಕು. ವಿಚಾರಣೆಗೆ ಒಳಗಾದವನಿಗೆ ಉತ್ತರ ಹೇಳುವ ಅವಕಾಶ ಕೊಡಬೇಕು.

ಹಾಗಾದರೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಏನಾಗಬೇಕು? ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಮಕ್ಕಳ ಶಿಬಿರ, ತರಬೇತಿ ಕೇಂದ್ರಗಳ ಒಂದು ದಾಖಲೆ ಪುಸ್ತಕವಿರಬೇಕು. ಕ್ರೀಡಾಂಗಣವನ್ನಾಗಲಿ ಶಾಲೆಯ ಬಯಲನ್ನಾಗಲಿ ಕೊಡುವ ಮುನ್ನ ಕಲಿಸುವವರ ಪರಿಶೀಲನೆಯಾಗಿದೆಯೇ ಎಂದು ಕೇಳಬೇಕು. ಸಂಬಳವಿಲ್ಲದೆ ದುಡಿಯುವವರಿಗೆ ಆ ಪರಿಶೀಲನೆ ಉಚಿತವಾಗಿ ಆಗಬೇಕು. ಇಲ್ಲವಾದರೆ ಬಡ ಹಳ್ಳಿಯ ತಂಡಗಳು ಕಲಿಸುವವರಿಲ್ಲದೆ ಒಣಗಿಹೋದಾವು. ಕಲಿಸುವವರ ಹೆಸರು, ಪರಿಶೀಲನೆ ನಡೆದ ದಿನಾಂಕ, ದೂರು ಹೇಳಬೇಕಾದವರ ದೂರವಾಣಿ ಇವು ಮೂರನ್ನೂ ಬಾಗಿಲಲ್ಲಿಯೇ ಬರೆದು ಹಾಕಬೇಕು. ಒಂದು ತಾಲ್ಲೂಕಿನಲ್ಲಿ ಮಕ್ಕಳ ವಿಷಯದಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾದವನ ಸಂಗತಿ ಪೊಲೀಸರ ಮೂಲಕ ಉಳಿದ ತಾಲ್ಲೂಕುಗಳಿಗೆ ಮುಟ್ಟಬೇಕು.

ವಿದ್ಯಾರ್ಥಿಗಳೇ, ಇದೆಲ್ಲ ಹಿರಿಯರ ಕೆಲಸ. ನಿಮ್ಮ ಪಾಲಿನದು ಸ್ವಲ್ಪವೇ, ಆದರೆ ಅದು ಬೆಲೆಯುಳ್ಳದ್ದು. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿಯಿದೆ. ಅಲ್ಲಿ ರಸ್ತೆ, ಶೌಚಾಲಯಗಳ ವಿಷಯ ಎತ್ತುವಂತೆಯೇ, ನಮಗೆ ಆಟ ಕಲಿಸುವವರ ಪರಿಶೀಲನೆಯಾಗಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ. ಯಾರಾದರೂ ನಿಮ್ಮೊಡನೆ ಮನಸ್ಸಿಗೆ ಹಿತವಲ್ಲದ ರೀತಿಯಲ್ಲಿ ನಡೆದುಕೊಂಡು, ಯಾರಿಗೂ ಹೇಳಬೇಡವೆಂದರೆ, ಹೇಳಬೇಕಾದುದು ಅದನ್ನೇ ಎಂದು ತಿಳಿಯಿರಿ. ತಾಯಿತಂದೆಗಳಿಗೆ ಹೇಳಿ, ಹೇಳಲು ಬಾಯಿ ಬಾರದಿದ್ದರೆ ನಂಬಿಕೆಯ ಶಿಕ್ಷಕರಿಗೆ ಹೇಳಿ, ಅವರೂ ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಒಬ್ಬರು ನಂಬದಿದ್ದರೆ ಇನ್ನೊಬ್ಬರಿಗೆ ಹೇಳಿ. ಹುಡುಗನಾಗಿ ಇದನ್ನು ಹೇಳುವುದೆಂತು ಎಂದು ನಾಚಬೇಕಾಗಿಲ್ಲ. ತಪ್ಪು ಮಾಡಿದವನದು, ನಿಮ್ಮದಲ್ಲ. ಗೆಳೆಯನೋ ಗೆಳತಿಯೋ ನಿಮ್ಮಲ್ಲಿ ಹೇಳಿಕೊಂಡರೆ ನಗಬೇಡಿ. ಜೊತೆಯಲ್ಲಿ ಹೋಗಿ ಹಿರಿಯರಿಗೆ ತಿಳಿಸಿ. ಪಂಚಕುಲದ ಆ ಗೆಳತಿ 19 ವರ್ಷ ಮಾಡಿದ ಕೆಲಸ ಅದೇ.

ಒಳ್ಳೆಯ ತರಬೇತುದಾರನಿಗೆ ಈ ಪದ್ಧತಿಯಿಂದ ಬೇಸರವಾಗದು. ಶಿಬಿರದ ಮೊದಲ ದಿನ ತಂದೆತಾಯಿಗಳು ಬಾಯಿಬಿಟ್ಟು ಕೇಳುವ ಮೊದಲೇ ಅವನು ತನ್ನ ಕಾಗದವನ್ನು ಮೇಜಿನ ಮೇಲೆ ಇಟ್ಟು, ‘ನೋಡಿ, ಆಮೇಲೆ ಮಕ್ಕಳನ್ನು ಕಳುಹಿಸಿ’ ಎನ್ನುತ್ತಾನೆ. ಅಂಥವನ ಬಯಲಿನಲ್ಲಿ ಮಕ್ಕಳು ನಿಶ್ಚಿಂತೆಯಿಂದ ಆಡಿ, ಬೆವರು ಒರೆಸಿಕೊಂಡು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತಾರೆ.